ಧರಣೇಂದ್ರ ಮಾಸ್ಟ್ರೂ ನಿದ್ರಾರಾಣಿ ಪುಡಿಯೂ

ಬೆಳಿಗ್ಗೆ ಹಾಸಿಗೆ ಮಗುಚಿ ನೋಡಿದ ಧರಣೇಂದ್ರ ಮಾಸ್ಟ್ರು ಹಾಗೆಯೇ ನಿಂತುಬಿಟ್ಟರು. ಮಂಚದ ಸಂದಿಯಿಂದ ತಿಗಣೆಗಳು ಸಾಲಾಗಿ ಹೊರಟಿದ್ದವು. ಒಂದೊಂದೂ ಮೈತುಂಬ ಬಿಳಿ ಪುಡಿ ಮೆತ್ತಿಕೊಂಡು ಮದುವೆಗೆ ಹೊರಟವರ ಹಾಗೆ ಕಾಣುತ್ತಿತ್ತು. ಸಾಯುವ ಲಕ್ಷಣ ಒಂದರಲ್ಲೂ ಇರಲಿಲ್ಲ.

ಮಾಸ್ಟ್ರು ಮೂಡುಬಿದಿರೆಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುವವರು. ಸಂಜೆ ಬಸದಿಯಲ್ಲಿ ಶಾಸ್ತ್ರ ಓದಿ ಅರ್ಥ ಹೇಳುವವರೂ ಅವರೇ. ಕಣ್ಣಿಗೆ ಕಾಣದ ಜೀವಕ್ಕೂ ನೋವಾಗಬಾರದು ಎಂದು ಅವರು ವಿವರಿಸುವಾಗ ಹಿಂದೆ ಕುಳಿತ ಮುದುಕಿಯರು ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಿದ್ದರು. ಅಂಥವರು ಕಣ್ಣಿಗೆ ಚೆನ್ನಾಗಿಯೇ ಕಾಣುವ ಜೀವಗಳನ್ನು ಕೊಲ್ಲಲು ಪುಡಿ ತಂದಿದ್ದರು. ಇದಕ್ಕಾಗಿ ಅವರನ್ನು ಹಳಿಯಲು ನನಗೆ ಮನಸ್ಸಿಲ್ಲ. ತಿಗಣೆ ಕಚ್ಚುವಾಗಲೂ ಧರ್ಮ ನೆನಪಿಟ್ಟುಕೊಳ್ಳುವವನು ಒಂದೋ ಮುನಿಯಾಗಿರಬೇಕು, ಇಲ್ಲವೇ ಕಲ್ಲಾಗಿರಬೇಕು. ಮಾಸ್ಟ್ರು ಎರಡೂ ಅಲ್ಲ.

ತಿಗಣೆಗೆ ಅವರ ಹಿರಿಯರು ಕಂಡುಕೊಂಡ ಉಪಾಯ ಒಂದೇ. ಮಂಚವನ್ನು ಅಂಗಳಕ್ಕೆ ತಂದು ಬಿಸಿಲಿಗೆ ಒಡ್ಡಿ ಮೆಲ್ಲಗೆ ತಟ್ಟುವುದು. ಬಿಸಿ ತಾಗಿದ ತಿಗಣೆ ತನ್ನ ದಾರಿ ತಾನು ನೋಡಿಕೊಳ್ಳುತ್ತದೆ. ಓಡಿಸಿದ ಹಾಗೂ ಆಯಿತು, ಪಾಪವೂ ಇಲ್ಲ. ಆದರೆ ಅದಕ್ಕೆ ಮಾಸ್ಟ್ರ ಹೆಂಡತಿ ಅನಂತಮತಿ ಸುತರಾಂ ಒಪ್ಪಲಿಲ್ಲ.

"ಮಂಚ ಅಂಗಳಕ್ಕೆ ತಂದ್ರೆ ನಾನು ಮುಖ ತೋರಿಸುವುದು ಹೇಗೆ? ಆಚೆಮನೆ ರಾಜಮತಿಯಕ್ಕ ಜಗಲಿಯಲ್ಲಿ ಕೂತೇ ಇರ್ತಾರೆ. ಅವರಿಗೆ ಗೊತ್ತಾಗುವುದೂ ಒಂದೇ, ಬಸ್‌ಸ್ಟ್ಯಾಂಡಿನಲ್ಲಿ ಬೋರ್ಡು ಹಾಕುವುದೂ ಒಂದೇ."

ಹೆಂಗಸಿನ ಹೆದರಿಕೆಗೆ ಕಾರಣ ಇತ್ತು. ಮಗಳು ವಸಂತಿಗೆ ಬೆಳ್ತಂಗಡಿ ಕಡೆಯಿಂದ ಸಂಬಂಧ ಬಂದಿತ್ತು. ಹುಡುಗನ ತಂದೆ ಅನಂತರಾಜ ಅರಿಗರು ಈ ದಿನ ಸಂಜೆ ಬಂದು, ರಾತ್ರಿ ಉಳಿದು, ಮಾತು ಮುಗಿಸಿ ಹೋಗುವುದೆಂದು ನಿಶ್ಚಯವಾಗಿತ್ತು. ಅರಿಗರ ಆಚಾರ ನಾಲ್ಕೂರಿಗೆ ಗೊತ್ತು. ದಾರಿಯಲ್ಲಿ ಇರುವೆ ಸಾಲು ಕಂಡರೆ ಅದು ಮುಗಿಯುವ ತನಕ ನಿಲ್ಲುವವರು. ಹಾಗೆ ನಿಂತು ಒಮ್ಮೆ ಬಸ್ಸು ತಪ್ಪಿಸಿಕೊಂಡವರಂತೆ. ಹುಡುಗನಿಗೆ ಅಪ್ಪನ ಜತೆ ಸ್ವಂತ ವ್ಯಾಪಾರ ಉಂಟು, ಮಾಲು ಮಂಗಳೂರಿನ ಆಚೆಗೂ ಹೋಗುತ್ತದೆ ಎಂದು ಸಂಬಂಧ ತಂದವರು ಹೇಳಿದ್ದರು. ಏನು ಮಾಲು ಎಂದು ಕೇಳಲು ಮಾಸ್ಟ್ರಿಗೆ ಸಂಕೋಚ. ಮೊದಲು ನೋಡಿದ್ದ ಸಂಬಂಧ ಮಾಸ್ಟ್ರು ಜಾಸ್ತಿ ಪ್ರಶ್ನೆ ಕೇಳಿದ್ದಕ್ಕೇ ತಪ್ಪಿಹೋಗಿತ್ತು.

ಅರಿಗರು ಮಲಗಬೇಕಾದದ್ದು ಇದೇ ಮಂಚದಲ್ಲಿ. ಮನೆಯಲ್ಲಿ ಬೇರೆ ಮಂಚ ಇಲ್ಲ.

ಹಾಗಾಗಿ ಕಳೆದ ವಾರ ಯಾವುದೋ ಕಾಗದಪತ್ರಕ್ಕೆಂದು ಬಂಟ್ವಾಳಕ್ಕೆ ಹೋಗಿದ್ದ ಮಾಸ್ಟ್ರು, ಪೇಟೆಯ ವಾಮನ ಬಾಳಿಗರ ಅಂಗಡಿಯಲ್ಲಿ 'ನಿದ್ರಾರಾಣಿ' ಪುಡಿಯ ಡಬ್ಬಿ ಕಂಡು ಕೊಂಡು ತಂದಿದ್ದರು. ಡಬ್ಬಿಯ ಒಂದು ಬದಿಯಲ್ಲಿ ಸುಖವಾಗಿ ನಿದ್ರಿಸುವ ಸುಂದರಿ. ಇನ್ನೊಂದು ಬದಿಯಲ್ಲಿ ಕಾಲು ಮೇಲೆ ಮಾಡಿ ಸತ್ತ ತಿಗಣೆಗಳು, ಕೆಳಗೆ 'ಒಂದೇ ರಾತ್ರಿಯಲ್ಲಿ ನಿರ್ನಾಮ, ತಪ್ಪಿದರೆ ಹಣ ವಾಪಸು' ಎಂಬ ಅಭಯ. ಸತ್ತ ತಿಗಣೆಗಳ ಚಿತ್ರವನ್ನೂ ಕೆಳಗಿನ ಬರಹವನ್ನೂ ಮಾಸ್ಟ್ರು ಉಗುರಿನಿಂದ ಕೆರೆದು ತೆಗೆದರು. ಹೆಂಡತಿಗೆ "ಓಡಿಸುವ ಪುಡಿ" ಎಂದರು.

ಪುಡಿ ಹಾಕಿದ ಮೇಲೆ ತಿಗಣೆಗಳು ಮೊದಲಿಗಿಂತ ಪುಷ್ಟಿಯಾಗಿ ಕಂಡವು. ಪಾಪ ಮಾಡಿದ್ದಕ್ಕೆ ನಾಚಿಕೆ ಒಂದು ಕಡೆ. ಮಾಡಿದ ಪಾಪ ಕೈಗೂಡಲಿಲ್ಲವಲ್ಲ ಎಂಬ ಸಿಟ್ಟು ಇನ್ನೊಂದು ಕಡೆ. ಎರಡೂ ಸೇರಿ ಮಾಸ್ಟ್ರನ್ನು ಎಬ್ಬಿಸಿ ಕೋಟು ಹಾಕಿಸಿದವು.

"ಬಂಟ್ವಾಳಕ್ಕೆ ಹೋಗಿ ಬರ್ತೇನೆ. ಈ ಪುಡಿ ಸರಿ ಇಲ್ಲ. ಬೇರೆ ತರ್ತೇನೆ."

"ಹೊತ್ತು ಮುಳುಗುವ ಮೊದಲು ಬನ್ನಿ ಮತ್ತೆ," ಎಂದಳು ಅನಂತಮತಿ. "ಅರಿಗರಿಗೆ ಬೆಳಕಿರುವಾಗಲೇ ಊಟ ಬಡಿಸಬೇಕು."

ಬಸ್ಸಿನಲ್ಲಿ ಮಾಸ್ಟ್ರಿಗೆ ಸಿಕ್ಕಿದ ಜಾಗ ಬಟ್ಟೆ ವ್ಯಾಪಾರದ ಮಹಮ್ಮದ್ ಕುಂಞಿಯವರ ಪಕ್ಕ. ಕುಂಞಿಯವರು ಒಳ್ಳೆಯವರು. ಆದರೆ ಪಕ್ಕದವರ ಚೀಲದಲ್ಲಿ ಏನುಂಟೆಂದು ತಿಳಿಯದೆ ಅವರಿಗೆ ಕೂತಲ್ಲಿ ಕೂರಲಾಗುವುದಿಲ್ಲ. ಸಿದ್ಧಕಟ್ಟೆ ಬರುವ ಮೊದಲೇ ಬಸ್ಸು ಹೊಂಡಕ್ಕೆ ಬಿದ್ದು ಎದ್ದಾಗ ಮಾಸ್ಟ್ರ ಚೀಲ ಉರುಳಿತು. ಡಬ್ಬಿ ಹೊರಗೆ ಬಂತು. ಸುಂದರಿ ಮುಖ ಮೇಲೆ ಮಾಡಿ ಎಲ್ಲರ ಕಾಲ ಬಳಿ ನಿದ್ರಿಸಿದಳು.

"ಅಲ್ಲ ಮಾಸ್ಟ್ರೆ," ಕುಂಞಿಯವರು ಡಬ್ಬಿ ಎತ್ತಿ ತಿರುಗಿಸಿ ನೋಡಿದರು. "ಪೌಡರಾ? ಮುಖಕ್ಕೆ ಹಾಕುವುದಾ?"

"ಅದು... ಹೌದು. ಹಾಗೇ ಒಂದು."

"ಯಾರಿಗೆ?"

ಈ ಪ್ರಶ್ನೆಗೆ ಇಡೀ ಬಸ್ಸು ಕಿವಿ ನೆಟ್ಟಗೆ ಮಾಡಿತು. ಐವತ್ತು ಸಮೀಪಿಸಿದ ಮಾಸ್ಟ್ರು, ತಲೆ ಅರ್ಧ ಬೋಳು, ಮುಖದ ಪೌಡರು ಹಿಡಿದುಕೊಂಡು ಒಬ್ಬರೇ ಬಂಟ್ವಾಳಕ್ಕೆ ಹೊರಟಿದ್ದಾರೆ! ಮನೆಯಲ್ಲಿ ಹೆಂಡತಿ ಇರುವಾಗ ಪೌಡರು ಊರಿನಿಂದ ಹೊರಗೆ ಯಾಕೆ ಹೋಗುತ್ತದೆ? ಯಾರೂ ಬಾಯಿ ಬಿಟ್ಟು ಕೇಳಲಿಲ್ಲ. ಕಂಡಕ್ಟರು ಮಾತ್ರ ಟಿಕೇಟು ಹರಿಯುತ್ತಾ ಸಣ್ಣಗೆ ಕೆಮ್ಮಿದ. ಮಾಸ್ಟ್ರ ಕಿವಿ ಕೆಂಪಗಾಯಿತು.

ಎದುರು ಸೀಟಿನಲ್ಲಿ ಬೀಯಮ್ಮ ಎಂಬ ಮುದುಕಿ ಮೊಮ್ಮಗಳನ್ನು ತೊಡೆಯಲ್ಲಿ ಮಲಗಿಸಿಕೊಂಡಿದ್ದಳು. ಎಪ್ರಿಲ್ ಸೆಕೆಗೆ ಮಗುವಿನ ಬೆನ್ನ ತುಂಬ ಬೆವರುಗುಳ್ಳೆ ಎದ್ದು, ಹತ್ತಿದಲ್ಲಿಂದ ಅಳುತ್ತಲೇ ಇತ್ತು.

"ಪೌಡರು ಉಂಟಲ್ಲ ಮಾಸ್ಟ್ರೆ, ಒಂದು ಚಿಟಿಕೆ ಕೊಡಿ," ಎಂದಳು ಬೀಯಮ್ಮ. "ಮಗುವಿನ ಬೆನ್ನಿಗೆ ಹಾಕ್ತೇನೆ. ನಿಮಗೆ ಪುಣ್ಯ ಬರ್ತದೆ."

"ಬೇಡ ಬೇಡ," ಎಂದು ಮಾಸ್ಟ್ರು ಬಡಬಡಿಸಿದರು.

"ಒಂದು ಚಿಟಿಕೆಗೆ ಯಾಕೆ ಹೀಗೆ ಮಾಡ್ತೀರಿ ಮಾರಾಯ್ರೆ? ಮಗು ಅಲ್ಲವಾ?" ಎಂದು ಕುಂಞಿಯವರು ತಾವೇ ಮುಚ್ಚಳ ತೆಗೆದು ಮುದುಕಿಯ ಅಂಗೈಗೆ ಸುರಿದುಬಿಟ್ಟರು.

ಬೀಯಮ್ಮನ ಕೈ ಮಗುವಿನ ಬೆನ್ನಿನತ್ತ ಇಳಿಯಿತು. ಪುಡಿ ತಿಗಣೆಯನ್ನು ಕೊಲ್ಲಲಿಲ್ಲ ನಿಜ, ಆದರೆ ವಿಷವೆಂದು ನಂಬಿ ತಂದದ್ದು. ಮಗುವಿಗೆ ಏನಾದರೂ ಆದರೆ? ಮಾಸ್ಟ್ರು ಎದ್ದು ನಿಂತು, ಬಸ್ಸಿನ ಸೂರಿಗೆ ತಲೆ ಹೊಡೆಸಿಕೊಂಡು, ಮುದುಕಿಯ ಕೈಯನ್ನು ಒದರಿ ಪುಡಿಯನ್ನೆಲ್ಲ ಕಿಟಕಿಯಿಂದಾಚೆ ಹಾರಿಸಿದರು.

"ಅದು ಪೌಡರಲ್ಲ! ಮದ್ದು!"

"ಯಾವುದರ ಮದ್ದು?"

ತಿಗಣೆಯ ಮದ್ದು ಎನ್ನಬಹುದಿತ್ತು. ಆದರೆ ಹಿಂದಿನ ಸೀಟಿನಲ್ಲಿ ಸಂಜೆ ಶಾಸ್ತ್ರಕ್ಕೆ ಬಂದು ಕೂರುವ ಎರಡು ಮುಖಗಳಿದ್ದವು.

"ತುರಿಕಜ್ಜಿಯದ್ದು," ಎಂದರು ಮಾಸ್ಟ್ರು.

ಕುಂಞಿಯವರು ನಿಧಾನಕ್ಕೆ ಎದ್ದು, ಕೂತು ಕೂತು ಕಾಲು ಜೋಮು ಹಿಡಿಯಿತೆಂದು ಹೇಳಿ, ಬಂಟ್ವಾಳದವರೆಗೂ ನಿಂತೇ ಬಂದರು. ಬೀಯಮ್ಮ ಕೈಯನ್ನು ಸೀಟಿಗೆ ಒರೆಸಿ, ಕಹಿಬೇವು ಅರಸಿನ ಅರೆದು ಹಚ್ಚಬೇಕೆಂದು ಉಪದೇಶ ಮಾಡಿದಳು. ಹಿಂದಿನ ಸೀಟಿನವರು ಮಾಸ್ಟ್ರು ಶಾಲೆಯಲ್ಲಿ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸುವುದರ ಬಗ್ಗೆ ಪಿಸುಗುಟ್ಟಿದರು. ಕಿಕ್ಕಿರಿದ ಬಸ್ಸಿನಲ್ಲಿ ಮಾಸ್ಟ್ರು ಇಡೀ ಸೀಟಿಗೆ ಒಬ್ಬರೇ ಕುಳಿತು ಹೋದರು. ಅಷ್ಟು ಜಾಗ ಅವರಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ, ಅಷ್ಟು ನಾಚಿಕೆಯೂ ಆಗಿರಲಿಲ್ಲ.

ಬಂಟ್ವಾಳ ಪೇಟೆಯಲ್ಲಿ ವಾಮನ ಬಾಳಿಗರ ಅಂಗಡಿಯ ಮುಂದೆ ಗಿರಾಕಿಗಳಿದ್ದರು. ಜನ ಕರಗಲಿ ಎಂದು ಮಾಸ್ಟ್ರು ಎದುರಿನ ಹೋಟೆಲಿನ ನೆರಳಲ್ಲಿ ಕಾದರು. ಜನ ಕರಗಲಿಲ್ಲ. ಕೊನೆಗೆ ಮೆಲ್ಲಗೆ ಹೋಗಿ ಡಬ್ಬಿಯನ್ನು ಕೋಟಿನ ಮರೆಯಿಂದ ತೋರಿಸಿ, "ಬಾಳಿಗರೆ, ಸ್ವಲ್ಪ ಒಳಗೆ ಬರ್ಲಿಕ್ಕೆ ಉಂಟಾ?" ಎಂದರು.

ಬಾಳಿಗರಿಗೆ ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ. ನೇತ್ರಾವತಿಯ ಆಚೆ ದಡದವರಿಗೂ ದರ ತಿಳಿಯಬೇಕು ಎಂಬ ಹಾಗೆ ಅವರ ಸ್ವರ.

"ಓ ಮಾಸ್ಟ್ರೆ! ಬನ್ನಿ ಬನ್ನಿ. ತಿಗಣೆ ಪೂರಾ ಸತ್ತಿತಾ?"

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮಾಸ್ಟ್ರಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

"ಸಾಯ್ಲಿಲ್ಲ," ಎಂದರು ತಗ್ಗಿದ ಸ್ವರದಲ್ಲಿ.

"ಸಾಯ್ಲಿಲ್ವಾ? ಹಾಗೆ ಆಗುವುದಿಲ್ಲ. ಬೊಂಬಾಯಿ ಮಾಲು. ಹಾಕಿದ ಕ್ರಮ ತಪ್ಪಿರಬೇಕು. ಮತ್ತೆ, ಸಾಯ್ಲಿಲ್ಲ ಅಂತ ಗ್ಯಾರಂಟಿ ಏನು? ಜೀವ ಇರುವ ತಿಗಣೆ ತಂದು ತೋರಿಸಿದ್ರೆ ಕಂಪೆನಿಯವರಿಗೆ ನಾನು ಹೇಳ್ಬಹುದು."

"ಮೂಡುಬಿದಿರೆಯಿಂದ ತಿಗಣೆ ಹಿಡ್ಕೊಂಡು ಬರ್ಲಿಕ್ಕೆ ಆಗ್ತದಾ ಬಾಳಿಗರೆ?"

"ಆಗ್ತದೆ ಅಂತ ಕಾಣ್ತದೆ," ಎಂದು ಬಾಳಿಗರು ಮುಂದೆ ಬಾಗಿ, ಮಾಸ್ಟ್ರ ಕೋಟಿನ ಕಾಲರಿನಿಂದ ಎರಡು ಬೆರಳಲ್ಲಿ ಏನನ್ನೋ ಎತ್ತಿ ಕಟ್ಟೆಯ ಮೇಲೆ ಬಿಟ್ಟರು. ದುಂಡಗಿನ, ದಷ್ಟಪುಷ್ಟ ತಿಗಣೆ.

ಆಮೇಲೆ ಜನ ಸೇರಲು ಎಷ್ಟು ಹೊತ್ತು ಬೇಕು? ಬಸ್ಸಿನಿಂದ ಇಳಿದು ಬಂದಿದ್ದ ಮಹಮ್ಮದ್ ಕುಂಞಿಯವರೂ ಗುಂಪಿನಲ್ಲಿ ತಲೆ ತೂರಿಸಿದರು. ಬಾಳಿಗರು ಡಬ್ಬಿಯ ಪುಡಿಯನ್ನು ಗುಡ್ಡೆ ಹಾಕಿ ತಿಗಣೆಯನ್ನು ನಡುವೆ ಮುಳುಗಿಸಿದರು. ಎಲ್ಲರೂ ಉಸಿರು ಬಿಗಿಹಿಡಿದರು. ಮಾಸ್ಟ್ರ ಅವಸ್ಥೆಯನ್ನು ಏನು ಹೇಳಲಿ! ಅದು ಸತ್ತರೆ ಎಲ್ಲರ ಎದುರು ಹಿಂಸೆ ಮಾಡಿಸಿದ ಪಾಪ. ಸಾಯದಿದ್ದರೆ ರಾತ್ರಿ ಅರಿಗರ ಗತಿ. 'ಸಾಯಲಿ, ಸಾಯಲಿ' ಎಂದು ತನ್ನ ಮನಸ್ಸು ಜಪಿಸುತ್ತಿರುವುದು ಅವರಿಗೇ ಕೇಳಿಸಿತು. ನಿತ್ಯ ಶಾಸ್ತ್ರ ಓದುವ ನಾಲಿಗೆಯ ಹಿಂದೆ ಇಂಥ ಮನಸ್ಸು ಕೂತಿತ್ತೇ ಎಂದು ಅವರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು.

ಪುಡಿ ಅಲುಗಾಡಿತು. ತಿಗಣೆ ಹೊರಗೆ ಬಂತು. ಮೈ ಕೊಡವಿ, ಎಡಬಲ ನೋಡಿ, ಬಾಳಿಗರ ತಕ್ಕಡಿಯತ್ತ ಆರಾಮಾಗಿ ನಡೆಯಿತು. ಜನ ಚಪ್ಪಾಳೆ ತಟ್ಟಿದರು.

ಬಾಳಿಗರು ಮುಖ ಸಣ್ಣದು ಮಾಡಿ ಪುಡಿಯನ್ನು ಬೆರಳಿಗೆ ತಾಗಿಸಿ ತಿಕ್ಕಿದರು, ಮೂಸಿದರು. "ಮಾಸ್ಟ್ರೆ, ನೀವೇ ನೋಡಿ. ಇದು ನಿಮ್ಮ ಶಾಲೆಯ ಸೀಮೆಸುಣ್ಣ ಅಲ್ವಾ? ಮೇಲೆ ಸ್ವಲ್ಪ ಕರ್ಪೂರ."

ಮಾಸ್ಟ್ರು ತಿಕ್ಕಿ ನೋಡಿದರು. ವರ್ಷಾನುಗಟ್ಟಲೆ ಮೂಗಿಗೆ, ತಲೆಗೆ, ಅಂಗಿಗೆ ಬಿದ್ದ ಅದೇ ಪುಡಿ. ಶಾಲೆಯಲ್ಲಿ ಪುಕ್ಕಟೆ ಸಿಗುವುದನ್ನು ಬಂಟ್ವಾಳಕ್ಕೆ ಬಂದು ಕೊಂಡುಕೊಂಡು ಹೋಗಿದ್ದರು.

"ನಿಮ್ಮ ಊರಿಗೇ ಇದು ಹೆಚ್ಚು ಖರ್ಚಾಗುವುದು," ಎಂದರು ಬಾಳಿಗರು ಆಶ್ಚರ್ಯದಿಂದ. "ಇಷ್ಟು ಕಾಲಕ್ಕೆ ಒಬ್ಬರೂ ಬಂದು ದೂರು ಹೇಳ್ಲಿಲ್ಲ. ಒಳ್ಳೆ ಮಾಲು ಅಂತ ನಾನು ತಿಳ್ಕೊಂಡದ್ದು."

ಯಾಕೆ ಹೇಳಲಿಲ್ಲ ಎಂದು ಮಾಸ್ಟ್ರಿಗೆ ಕೂಡಲೇ ತಿಳಿಯಿತು. ಬಸದಿಯಲ್ಲಿ ತನ್ನ ಎದುರು ಕೂತು ತಲೆದೂಗುವವರ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಯಾವನು ತಾನೇ ಬಂದು ನಾನು ಕೊಲ್ಲಲು ನೋಡಿದೆ, ಸಾಯಲಿಲ್ಲ ಎಂದು ಹೇಳಿಯಾನು?

ಕುಂಞಿಯವರು ಅವರ ಹೆಗಲ ಮೇಲೆ ಕೈ ಇಟ್ಟರು. "ತಿಗಣೆ ಅಂತ ಬಸ್ಸಿನಲ್ಲೇ ಹೇಳಬಾರದಿತ್ತಾ ಮಾಸ್ಟ್ರೆ? ಕಜ್ಜಿ ಅಂತ ಹೇಳಿ ನನ್ನನ್ನು ನಿಲ್ಲಿಸಿದ್ರಲ್ಲ! ತಿಗಣೆ ಯಾರ ಮನೆಯಲ್ಲಿ ಇಲ್ಲ? ನಮ್ಮಲ್ಲಿಯೂ ಉಂಟು."

ಆ ಒಂದು ಮಾತಿಗೆ ಮಾಸ್ಟ್ರ ಕಣ್ಣು ಒದ್ದೆಯಾಯಿತು. ಬೆಳಗಿನಿಂದ ಹೊತ್ತ ಹೊರೆ ಇಳಿದಂತಾಗಿ ಧೈರ್ಯ ಬಂತು. ಧೈರ್ಯ ಬಂದದ್ದೇ ತಪ್ಪಾಯಿತು. ಅವರು ಅಂಗಡಿಯ ಮೆಟ್ಟಿಲು ಹತ್ತಿ, ತರಗತಿಯಲ್ಲಿ ನಿಂತ ಹಾಗೆ ನಿಂತು, ಸೀಮೆಸುಣ್ಣ ಮಾರಿ ದುಡ್ಡು ಮಾಡುವ ಈ ಕಂಪೆನಿಯವನು ಯಾರೇ ಆಗಲಿ ಅವನು ಕಳ್ಳ, ಅವನ ಮಗ ಕಳ್ಳ, ಇಂಥ ಮನೆಗೆ ಯಾರೂ ನೀರು ಕೂಡ ಕೊಡಬಾರದು ಎಂದು ಭಾಷಣ ಮಾಡಿದರು. ಜನ ಹೌದು ಹೌದು ಎಂದರು. ಬಾಳಿಗರಿಗೂ ಮರ್ಯಾದೆಯ ಪ್ರಶ್ನೆ. ಇನ್ನು ಆ ಮಾಲನ್ನು ಅಂಗಡಿಯಲ್ಲಿ ಇಡುವುದಿಲ್ಲ, ಪೇಟೆಯ ಉಳಿದ ಅಂಗಡಿಗಳಿಗೂ ಹೇಳುತ್ತೇನೆ ಎಂದು ಮಾತು ಕೊಟ್ಟು, ಇದ್ದ ಡಬ್ಬಿಗಳನ್ನೆಲ್ಲ ಗೋಣಿಗೆ ತುಂಬಿಸಿದರು. ಗೆದ್ದ ಸಂಭ್ರಮದಲ್ಲಿ ಬೇರೆ ಪುಡಿ ಕೊಳ್ಳುವುದು ಮಾಸ್ಟ್ರಿಗೆ ಮರೆತೇಹೋಯಿತು. ಅದು ನೆನಪಾದದ್ದು ತಿರುಗಿ ಬರುವ ಬಸ್ಸು ಊರು ಮುಟ್ಟಿದಾಗ.

ಮನೆಗೆ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಮುಂದಿನ ಬಸ್ಸಿಗೆ ಅರಿಗರು ಬಂದಿಳಿದರು. ಬಿಳಿ ಪಂಚೆ, ಬಿಳಿ ಅಂಗಿ, ಶಾಂತ ಮುಖ. ಕೈಯಲ್ಲೊಂದು ದೊಡ್ಡ ಚೀಲ. ಅಂಗಳದಲ್ಲಿ ಎರಡು ಕಡೆ ಇರುವೆಗಳಿಗೆ ದಾರಿ ಬಿಟ್ಟು, ಮೂರನೆಯ ಕಡೆಯಿಂದ ಮನೆ ಹತ್ತಿದರು. ಬೆಳಕಿರುವಾಗಲೇ ಊಟ ಆಯಿತು. ವಸಂತಿ ಬಡಿಸಿದಳು. ಅವಳನ್ನು ನೋಡಿ ಅರಿಗರು ಮೆಚ್ಚಿಕೆಯಿಂದ ತಲೆಯಾಡಿಸಿದ್ದನ್ನು ಅನಂತಮತಿ ಬಾಗಿಲ ಮರೆಯಿಂದ ನೋಡಿ ಕಣ್ಣು ಮುಚ್ಚಿ ಕೈಮುಗಿದಳು.

ಚಾವಡಿಗೆ ಬಂದು ಅರಿಗರು ಮಂಚದ ಮೇಲೆ ಕುಳಿತರು. ಬೇರೆ ದಾರಿ ಕಾಣದೆ ಮಾಸ್ಟ್ರೂ ಪಕ್ಕದಲ್ಲಿ ಕುಳಿತರು. ತಿಗಣೆಗಳಿಗೆ ಪರಿಚಯದ ಮೈ ಹತ್ತಿರದಲ್ಲಿದ್ದರೆ ಹೊಸಬರನ್ನು ಬಿಟ್ಟಾವು ಎಂಬ ಆಸೆ.

"ಹುಡುಗಿ ನಮಗೆ ಒಪ್ಪಿಗೆ," ಎಂದರು ಅರಿಗರು. "ಕೊಡುವುದು ತಕ್ಕೊಳ್ಳುವುದು ಏನೂ ಬೇಡ. ನಿಮ್ಮಂಥ ಧರ್ಮಿಷ್ಠರ ಮನೆಯಿಂದ ಸೊಸೆ ಬಂದ್ರೆ ಅದೇ ಸಾಕು. ಆದ್ರೆ ಮನಸ್ಸಿಗೆ ಇವತ್ತು ಒಂದು ಬೇಜಾರು ಮಾಸ್ಟ್ರೆ. ಬಂಟ್ವಾಳದಲ್ಲಿ ಇಳಿದು ಬಂದೆ. ಅಲ್ಲಿ ನಮ್ಮ ವ್ಯಾಪಾರಕ್ಕೆ ದೊಡ್ಡ ಪೆಟ್ಟು ಬಿತ್ತು."

"ಯಾವ ವ್ಯಾಪಾರ?" ಎಂದು ಮಾಸ್ಟ್ರು ಕೊನೆಗೂ ಕೇಳಿದರು.

ಅರಿಗರು ಚೀಲಕ್ಕೆ ಕೈ ಹಾಕಿ ಒಂದು ಡಬ್ಬಿ ತೆಗೆದು ಮಂಚದ ಮೇಲಿಟ್ಟರು. ಸುಂದರಿ ಸುಖವಾಗಿ ನಿದ್ರಿಸುತ್ತಿದ್ದಳು.

"ನಮ್ಮದೇ. ಮಗನೇ ಮನೆಯ ಹಿಂದೆ ಮಾಡಿಸುವುದು. ಬೆಳ್ತಂಗಡಿ ಅಂತ ಹಾಕಿದ್ರೆ ಯಾರು ತಕ್ಕೊಳ್ತಾರೆ? ಹಾಗೆ ಬೊಂಬಾಯಿ ಅಂತ ಹಾಕಿದ್ದು. ನೀವು ಹೆದರ್ಬೇಡಿ. ನಾನು ಜೈನ, ವಿಷ ಮಾರ್ತೇನಾ? ಬರೇ ಸೀಮೆಸುಣ್ಣ. ಈ ಪುಡಿಯಿಂದ ಇವತ್ತಿನವರೆಗೆ ಒಂದು ಜೀವ ಸತ್ತದ್ದಿಲ್ಲ."

ಮಾಸ್ಟ್ರು ಡಬ್ಬಿಯ ಸುಂದರಿಯನ್ನು ಮೆಲ್ಲಗೆ ಗೋಡೆಯ ಕಡೆಗೆ ತಿರುಗಿಸಿಟ್ಟರು.

"ತಕ್ಕೊಂಡವರಿಗೆ ಕೊಲ್ಲುವ ಆಸೆ ತೀರ್ತದೆ, ಕೊಂದ ಪಾಪ ಬರುವುದಿಲ್ಲ. ಇದಕ್ಕಿಂತ ದೊಡ್ಡ ಉಪಕಾರ ಉಂಟಾ?" ಎಂದರು ಅರಿಗರು. "ಅದನ್ನು ಇವತ್ತು ನಿಮ್ಮ ಊರಿನವನೇ ಒಬ್ಬ ಬಾಳಿಗರ ಅಂಗಡಿಯಲ್ಲಿ ನಿಂತು, ತಿಗಣೆ ಸಾಯ್ಲಿಲ್ಲ ಅಂತ ಬೊಬ್ಬೆ ಹಾಕಿದ್ನಂತೆ. ನನ್ನನ್ನು, ನನ್ನ ಮಗನನ್ನು ಕಳ್ಳ ಅಂದನಂತೆ. ಯಾರು ಅಂತ ಕೇಳಿದ್ರೆ ಬಾಳಿಗರು ಬಾಯಿ ಬಿಡುವುದಿಲ್ಲ, ಗಿರಾಕಿಯ ಹೆಸರು ಹೇಳುವ ಕ್ರಮ ಇಲ್ಲ ಅಂತಾರೆ. ಜೀವ ಸಾಯ್ಲಿಲ್ಲ ಅಂತ ದುಃಖ ಪಡುವವನೂ ಈ ಊರಿನಲ್ಲಿ ಇದ್ದಾನಲ್ಲ ಮಾಸ್ಟ್ರೆ! ನಾಚಿಕೆ ಆಗ್ಬೇಕು ಅವನಿಗೆ."

"ಆಗ್ತಾ ಇರ್ಬಹುದು," ಎಂದರು ಮಾಸ್ಟ್ರು.

"ನಿಮ್ಮಿಂದ ಒಂದು ಉಪಕಾರ ಆಗ್ಬೇಕು. ನೀವು ಶಾಸ್ತ್ರ ಓದುವವರು, ನಿಮ್ಮ ಮಾತನ್ನು ಯಾರೂ ತೆಗೆದುಹಾಕುವುದಿಲ್ಲ. ನಾಳೆ ಬೆಳಿಗ್ಗೆ ನನ್ನ ಜತೆ ಬಾಳಿಗರ ಅಂಗಡಿಗೆ ಬನ್ನಿ. ನಮ್ಮ ಮನೆಯಲ್ಲಿಯೂ ಈ ಪುಡಿ ಉಂಟು, ಹಾಕಿದ ಮೇಲೆ ಸುಖವಾಗಿ ನಿದ್ದೆ ಬರ್ತದೆ ಅಂತ ನಾಲ್ಕು ಜನರ ಎದುರು ಒಂದು ಮಾತು ಹೇಳಿ. ಅಷ್ಟೇ. ವ್ಯಾಪಾರ ನಿಂತ್ರೆ ನಾಳೆ ನಿಮ್ಮ ಮಗಳೇ ಅಲ್ವಾ ಕಷ್ಟಪಡುವುದು?"

ಮಾಸ್ಟ್ರು ಒಳಗೆ ನೋಡಿದರು. ಬಾಗಿಲ ಮರೆಯಲ್ಲಿ ಅನಂತಮತಿ 'ಹೂಂ ಅನ್ನಿ, ಹೂಂ ಅನ್ನಿ' ಎಂದು ಕೈಸನ್ನೆ ಮಾಡುತ್ತಿದ್ದಳು. ಅವಳ ಹಿಂದೆ ವಸಂತಿ ತಲೆ ತಗ್ಗಿಸಿ ನಿಂತಿದ್ದಳು, ಮುಖದಲ್ಲಿ ನಗು. ಬಾಳಿಗರ ಅಂಗಡಿಯ ಮೆಟ್ಟಿಲು, ನಿಂತು ನೋಡುವ ಜನ, ಬಾಳಿಗರ ಆ ದೊಡ್ಡ ಸ್ವರ, ಎಲ್ಲ ಮಾಸ್ಟ್ರ ಕಣ್ಣಿಗೆ ಕಟ್ಟಿತು.

"ಆಗ್ಲಿ," ಎಂದರು. "ಹೇಳ್ತೇನೆ."

"ನಿಮ್ಮ ಬಾಯಿಂದ ಸುಳ್ಳು ಬರಬಾರದು. ಪುಡಿ ನಿಜವಾಗಿ ಹಾಕಿದ್ದೀರಾ?"

"ಹಾಕಿದ್ದೇನೆ."

"ಫಲ ಸಿಕ್ಕಿದೆಯಾ?"

"ಒಂದು ತಿಗಣೆಯೂ ಇಲ್ಲ."

ಅರಿಗರ ಮುಖ ಅರಳಿತು. ಮಂಚಕ್ಕೆ ಒರಗಿ ಕಾಲು ಚಾಚಿದರು. ಸ್ವಲ್ಪ ಹೊತ್ತು ಕಳೆಯಿತು. ಅವರ ಬಲಗೈ ಮೆಲ್ಲಗೆ ಎದ್ದು ಬೆನ್ನ ಕಡೆಗೆ ಹೊರಟಿತು. ಅರ್ಧ ದಾರಿಯಲ್ಲಿ ಏನೋ ನೆನಪಾದ ಹಾಗೆ ನಿಂತು, ತಿರುಗಿ ಬಂದು ತೊಡೆಯ ಮೇಲೆ ಕುಳಿತಿತು. ಮಾಸ್ಟ್ರ ಎರಡು ಕೈಗಳೂ ಮೊಣಕಾಲನ್ನು ಬಿಗಿಯಾಗಿ ಹಿಡಿದುಕೊಂಡಿದ್ದವು.

"ಈ ಸಲ ಸೆಕೆ ಜಾಸ್ತಿ ಮಾಸ್ಟ್ರೆ," ಎಂದರು ಅರಿಗರು ಹಲ್ಲು ಕಚ್ಚಿಕೊಂಡು.

"ಹೌದು ಅರಿಗರೆ," ಎಂದರು ಮಾಸ್ಟ್ರು. "ತುಂಬಾ ಸೆಕೆ."